ಅಕ್ಕಿಕಾಳಿನಷ್ಟು ಮುಕ್ಕು

ದೀಪಾವಳಿಯ ಹಿಂದಿನ ವಾರಕ್ಕೆ ನನ್ನ ವಹಿಯಲ್ಲಿ ಎಪ್ಪತ್ತೊಂದು ಭಾನುವಾರಗಳು ಸೇರಿದ್ದವು. ಪ್ರತಿಯೊಂದರ ಮುಂದೆ ತಾರೀಖು, ಕಡಿದ ಪೊದೆಗಳ ಸಂಖ್ಯೆ, ಒಂದು ಬುಡಕ್ಕೆ ಬಿದ್ದ ಏಟುಗಳು, ಕೊನೆಗೆ ಅಲಗಿಗೆ ಎಣ್ಣೆ ಹಚ್ಚಿದ್ದರ ಗುರುತು.

ಊರ ಹೊರಗೆ ಸಾವನೇರ್ ದಾರಿಯಲ್ಲಿ ದೊಡ್ಡಪ್ಪನಿಗೆ ಒಂದು ಎಕರೆ ಜಾಗವಿದೆ. ಲಂಟಾನ ಮತ್ತು ಜಾಲಿ ಅದನ್ನು ನುಂಗಿಹಾಕಿದ್ದವು. ಪ್ರತಾಪ ನಗರದ ಮನೆಯಿಂದ ಹಳೆಯ ಕಾರಿನಲ್ಲಿ ಹೋಗಿ ನಾವಿಬ್ಬರೂ ಅದನ್ನು ದೊಡ್ಡಪ್ಪನ ಖುಕುರಿಯಿಂದ ಕಡಿಯುತ್ತಿದ್ದೆವು. ಸೈನ್ಯದಲ್ಲಿದ್ದಾಗ ಗೂರ್ಖಾ ಗೆಳೆಯನೊಬ್ಬ ಕೊಟ್ಟಿದ್ದ ಕತ್ತಿ ಅದು. ಮುಂದಕ್ಕೆ ಬಾಗಿದ್ದು, ಭಾರವೆಲ್ಲ ಅಲಗಿನ ಹೊಟ್ಟೆಯಲ್ಲಿದೆ. ಒರೆಯಿಂದ ಎಳೆಯುವಾಗ ಬೆರಳುಗಳು ಅದರ ಬೆನ್ನಿನ ಕಡೆಯೇ ಇರಬೇಕು. ಇಲ್ಲದಿದ್ದರೆ ಚರ್ಮದ ಹೊಲಿಗೆ ಸೀಳಿ ಅಲಗು ಬೆರಳಿಗೆ ಬರಬಹುದು. ಇದು ನನಗೆ ಅಭ್ಯಾಸವಾಗಲು ಮೂರು ವಾರ ಬೇಕಾಯಿತು.

ಸೋದರತ್ತೆಯ ಮಗಳಿಗೆ ಒಂದೇ ದಿನ ಸಾಕಾಯಿತು. ಅವಳು ಆಗಸ್ಟಿನಲ್ಲಿ ಸಂಶೋಧನೆಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದಿದ್ದಳು. ಮೊದಲ ಭಾನುವಾರವೇ ಒಂದು ಲಂಟಾನ ಬುಡವನ್ನು ಏಳು ಏಟಿಗೆ ಉರುಳಿಸಿದಳು. ನನ್ನ ಸರಾಸರಿ ಹದಿಮೂರು.

"ನೋಡು, ಮುಷ್ಟಿ ಹೆಂಗ ಸಡ್ಲ ಬಿಟ್ಟಾಳ. ತೂಕನ ಕಡಿತೈತಿ. ಬರೋಬರ್!" ಎಂದರು ದೊಡ್ಡಪ್ಪ.

ಆ ದಿನದಿಂದ 'ಬರೋಬರ್'ಗಳನ್ನೂ ಲೆಕ್ಕ ಇಟ್ಟೆ. ಒಂಬತ್ತು ಭಾನುವಾರಗಳಲ್ಲಿ ಅವಳಿಗೆ ಹದಿನಾಲ್ಕು, ನನಗೆ ಎರಡು. ಆ ಎರಡರಲ್ಲಿ ಒಂದು ನಾನು ಮಾಡಿದ ಚಹಾಕ್ಕೆ.

ಅಷ್ಟರಲ್ಲಿ ದೊಡ್ಡಪ್ಪನ ಬಲಭುಜ ಕೈಕೊಟ್ಟಿತು. "ದೀಪಾವಳಿ ಆದಮ್ಯಾಲೆ ಈ ಖುಕುರೀನ ನಿಮ್ಮಿಬ್ಬರಾಗ ಒಬ್ಬರಿಗೆ ಕೊಟ್ಟಬಿಡ್ತೀನಿ" ಎಂದರು. ಎಪ್ಪತ್ತೊಂದು ಎಲ್ಲಿ, ಒಂಬತ್ತು ಎಲ್ಲಿ! ಆದರೂ ಅದು ನನಗೇ ಸಿಗುತ್ತದೆಂಬ ಧೈರ್ಯ ಬರಲಿಲ್ಲ.

ಕತ್ತಿ ಮಸೆಯುವ, ಸಾಸಿವೆ ಎಣ್ಣೆ ಸವರುವ ಕೆಲಸ ನನ್ನದಾಗಿತ್ತು. ಖುಕುರಿಯ ಅಂಚು ಸ್ವಲ್ಪ ದಪ್ಪಗೇ ಇರಬೇಕು, ತೀರಾ ತೆಳುವಾದರೆ ಗಟ್ಟಿ ಕಟ್ಟಿಗೆಗೆ ನಿಲ್ಲುವುದಿಲ್ಲ ಎಂಬುದು ದೊಡ್ಡಪ್ಪನ ಪಾಠ. ಹಬ್ಬಕ್ಕೆ ಮುಂಚಿನ ಶನಿವಾರ ಸಂಜೆ ನಾನು ನುಣುಪು ಕಲ್ಲಿನ ಮೇಲೆ ಅದನ್ನು ಒಂದೊಂದು ಬದಿಗೆ ನೂರೈವತ್ತು ಬಾರಿ ತಿಕ್ಕಿದೆ. ಕಾಗದ ಸದ್ದಿಲ್ಲದೆ ಸೀಳುವಷ್ಟು ತೆಳುವಾಯಿತು. ರೂಢಿಯಂತೆ ಅದನ್ನೂ ಬರೆದಿಟ್ಟೆ.

ಭಾನುವಾರ ನನ್ನ ಲಂಟಾನ ಐದೇ ಏಟಿಗೆ ಬಿತ್ತು. ದೊಡ್ಡಪ್ಪ ಹುಬ್ಬೇರಿಸಿದರು. ಮುಂದಿನ ಸರದಿ ಅವಳದು, ಒಣ ಜಾಲಿಯ ಗಂಟು. ಎರಡನೇ ಏಟಿಗೆ ಟಣ್ ಎಂದಿತು. ಅಲಗಿನ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಮುಕ್ಕು.

"ಸಾರಿ ಮಾವ, ನನ್ನ ಕೈಯಿಂದಾನೇ ಆಯ್ತು. ಕಲ್ಲಿಗೆ ತಗುಲಿರ್ಬೇಕು" ಎಂದಳು.

"ಇಲ್ಲೆಲ್ಲೈತಿ ಕಲ್ಲು?" ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಿನ್ನ ವಹಿ ತಗಿ. ಕಡೀಕ ಯಾವಾಗ ಮಸದಿ?"

ನಾನು ಹಿಂದಿನ ವಾರದ ಸಾಲನ್ನು ಓದಿದೆ. ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಅವಳ ಕಣ್ಣು ಅದರ ಕೆಳಗಿನ, ಶನಿವಾರದ ಸಾಲಿನ ಮೇಲಿತ್ತು. ದೊಡ್ಡಪ್ಪ ಚೀಲ ತರಲು ಕಾರಿನ ಕಡೆ ಹೋದಾಗ ಮಾತ್ರ ಮೆಲ್ಲಗೆ ನಕ್ಕಳು.

"ನೂರೈವತ್ತು ಸಲಾನಾ? ಕೈ ನೋಯ್ಲಿಲ್ವೇನೇ ನಿಂಗೆ? ಹೋಗ್ಲಿ ಬಿಡು, ನಾನೇ ಮುರಿದೆ ಅಂತ ಇರ್ಲಿ."

ಖುಕುರಿ ಅವಳ ಕೈಗೆ ಹೋದರೂ ಹೇಗೋ ತಡೆದುಕೊಳ್ಳುತ್ತಿದ್ದೆನೇನೋ. ಒಳ್ಳೆಯತನವೂ ಅವಳದೇ ಆಗುವುದನ್ನು ತಡೆದುಕೊಳ್ಳಲಾಗಲಿಲ್ಲ. ಕಾರಿನ ಬಳಿ ಓಡಿಹೋಗಿ ದೊಡ್ಡಪ್ಪನಿಗೆ ಕೆಳಗಿನ ಸಾಲು ತೋರಿಸಿದೆ. ಅದನ್ನು ಪ್ರಾಮಾಣಿಕತೆ ಎಂದು ಈಗಲೂ ಕರೆಯಲಾರೆ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿದರು. "ನೀ ಐದ ಏಟಿಗೆ ಕೆಡವಿದಾಗನ ಗೊತ್ತಾತು. ಇದು ಗಡ್ಡಾ ಬೋಳಿಸೋ ಕತ್ತಿ ಅಲ್ಲ, ತಂಗಿ."

ಹಬ್ಬದ ಮರುವಾರ ಖುಕುರಿಯನ್ನು ಅವಳಿಗೆ ಕೊಟ್ಟರು. ನನಗೆ ಒರಟು ಕಲ್ಲು, ನುಣುಪು ಕಲ್ಲು, ಎಣ್ಣೆಯ ಶೀಶೆ. "ಮುಕ್ಕು ತಗಿಯೋದು ನಿನ್ನ ಕೆಲಸ. ಜಲ್ದಿ ಮಾಡಬ್ಯಾಡ, ಬಿಸಿ ಆದ್ರ ಅಲಗು ಮೆತ್ತಗಾಗ್ತೈತಿ."

ಅವಳು ಶನಿವಾರ ಸಂಜೆ ಖುಕುರಿ ತಂದುಕೊಡುತ್ತಾಳೆ, ಭಾನುವಾರ ಬೆಳಿಗ್ಗೆ ಒಯ್ಯುತ್ತಾಳೆ. ನಡುವೆ ಒಂದು ರಾತ್ರಿ ಅದು ನನ್ನ ಮೇಜಿನ ಮೇಲಿರುತ್ತದೆ. ಆರು ವಾರಗಳಾದವು. ಮುಕ್ಕು ಈಗ ಸಾಸಿವೆ ಕಾಳಿನಷ್ಟಿದೆ. ಇನ್ನೆರಡು ವಾರದಲ್ಲಿ ಹೋಗಿಬಿಡುತ್ತದೆ, ಆಮೇಲೆ ಅವಳು ಖುಕುರಿ ತರಬೇಕಾಗಿಲ್ಲ. ನಿನ್ನೆ ನಾನು ಬಹಳ ನಿಧಾನ ತಿಕ್ಕಿದೆ, ಒಂದೊಂದು ಬದಿಗೆ ಹತ್ತೇ ಸಲ. ಅದನ್ನೂ ಬರೆದಿದ್ದೇನೆ.