ಇಬ್ಬರು ನೋಡುತ್ತಿದ್ದಾರೆ

ನನ್ನ ಮಗಳು ಆಡುವ ಬಾಸ್ಕೆಟ್‌ಬಾಲನ್ನು ಇಡೀ ಜಗತ್ತಿನಲ್ಲಿ ಇಬ್ಬರು ನೋಡುತ್ತಿದ್ದರು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆಯ ಪಕ್ಕ ಆ ಅಂಕಿ ಬರುತ್ತದೆ. ಕನ್ನಡಕ ಒರೆಸಿಕೊಂಡು ನೋಡಿದರೂ ಎರಡೇ.

ಅವಳು ದುಬೈಯ ಒಂದು ಕಾಲೇಜಿನಲ್ಲಿ ಓದುತ್ತಾಳೆ, ಅಮ್ಮನ ಜೊತೆ ಅಲ್ಲಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿದ್ದಾಳೆ. ನಾನು ಅಲ್ಲಿಂದ ಮೂರ್ನಾಲ್ಕು ಗಂಟೆ ದಾರಿಯ ರುವೈಸ್‌ನಲ್ಲಿ, ಕಂಪನಿ ಕೊಟ್ಟ ಎರಡು ಕೋಣೆಯ ಮನೆಯಲ್ಲಿದ್ದೇನೆ. ಆಟ ಇರುವುದು ಬುಧವಾರ ಸಂಜೆ. ಶಿಫ್ಟು ಮುಗಿಸಿ ಹೊರಟರೆ ನಾನು ತಲುಪುವಷ್ಟರಲ್ಲಿ ಅಲ್ಲಿ ಕಸ ಗುಡಿಸುತ್ತಿರುತ್ತಾರೆ. ಹಾಗಾಗಿ ಕಾಲೇಜಿನ ಚಾನೆಲ್ಲಿನ ನೇರ ಪ್ರಸಾರವೇ ನನಗೆ ಗತಿ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದ ಉಡುಪಿ ಕಡೆಯ ಸದಾನಂದಣ್ಣನೂ ತಪ್ಪದೆ ನೋಡುತ್ತಿದ್ದರು. ನಾನು ಧಾರವಾಡದವನು, ಸುಮ್ಮನೆ ಕೂತು ನೋಡುವವನು. ಕೂಗಾಟವೆಲ್ಲ ಅವರದು, ಅದೂ ಗೋಡೆಯಾಚೆಯಿಂದ.

ನಮ್ಮಿಬ್ಬರದು ನಿತ್ಯದ ಜಗಳ. ಹುಡುಗಿಯರ ಕಾಲೇಜು ಬಾಸ್ಕೆಟ್‌ಬಾಲನ್ನು ಜನ ಯಾಕೆ ನೋಡಬೇಕು ಎಂದು ನಾನು, ಯಾಕೆ ನೋಡಬಾರದು ಎಂದು ಅವರು. ಹೆತ್ತ ಅಪ್ಪನಾಗಿ ನಾನು ಆ ಕಡೆ ನಿಂತದ್ದು ನಾಚಿಕೆಗೇಡು, ಒಪ್ಪುತ್ತೇನೆ. ಅಮೆರಿಕದಲ್ಲಿ ಈಗೀಗ ಇದಕ್ಕೆ ಟಿವಿ ಮುಂದೆ ಜನ ಮುಗಿಬೀಳುತ್ತಾರಂತೆ ಎಂದು ಅವರು ತೆಗೆದರೆ, ನಾಲ್ಕು ದಿನದ ಹುಚ್ಚು ಎಂದು ನಾನು ತಳ್ಳಿಹಾಕುತ್ತಿದ್ದೆ.

"ಜನ ನೋಡುದಿಲ್ಲ ಅಂತ ಟಿವಿಯವರು ತೋರಿಸುದಿಲ್ಲ, ಟಿವಿಯವರು ತೋರಿಸುದಿಲ್ಲ ಅಂತ ಜನ ನೋಡುದಿಲ್ಲ. ಯಾರಾದ್ರೂ ಒಬ್ಬ ಶುರು ಮಾಡ್ಬೇಕಲ್ಲ ಮಾರಾಯ್ರೆ" ಎಂದು ಅವರು ಅನ್ನಕ್ಕೆ ಸಾರು ಸುರಿದುಕೊಳ್ಳುತ್ತಿದ್ದರು. ಯಕ್ಷಗಾನದಲ್ಲಿ ಕಥೆ ಶುರುವಾಗುವ ಮೊದಲು ಕೋಡಂಗಿಗಳು ಕುಣಿಯುತ್ತಾರಂತೆ. ಎದುರಿಗೆ ಖಾಲಿ ಕುರ್ಚಿ, ಆದರೂ ಒಂದು ಹೆಜ್ಜೆ ತಪ್ಪಿಸುವುದಿಲ್ಲವಂತೆ. "ಯಾರೂ ನೋಡುದಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದು ಅವರು ಕೇಳಿದ್ದರು.

ರಜೆಗೆಂದು ಊರಿಗೆ ಹೋದ ಸದಾನಂದಣ್ಣ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ಕಾಗದಪತ್ರ ಮುಗಿಯುವ ತನಕ ಎಂದು ಕಂಪನಿಯವರು ಅವರ ಕೋಣೆಗೆ ಬೀಗ ಹಾಕಿದರು. ಮಗಳಿಗೆ ಅವರೆಂದರೆ ಪ್ರಾಣ. ಟೂರ್ನಮೆಂಟು ಮುಗಿಯುವವರೆಗೆ ಅವಳಿಗೆ ಹೇಳಬೇಡ ಎಂದು ಹೆಂಡತಿಗೆ ತಾಕೀತು ಮಾಡಿದೆ.

ಮುಂದಿನ ಬುಧವಾರ ಪ್ರಸಾರ ಹಚ್ಚಿದೆ. ಅಂಕಿ ಎರಡು.

ಹೆಂಡತಿ ಇರಬೇಕೆಂದು ಫೋನ್ ಮಾಡಿದೆ. ಅವಳು ತರಕಾರಿ ಅಂಗಡಿಯಲ್ಲಿದ್ದಳು. ಅಷ್ಟರಲ್ಲಿ ಮಗಳು ಚೆಂಡು ಹಾಕಿದಳು, ಸೀಟಿ ಕೇಳಿತು. ಏಳೆಂಟು ಸೆಕೆಂಡು ಕಳೆದು, ಬೀಗ ಹಾಕಿದ ಕೋಣೆಯೊಳಗೆ ಅದೇ ಸೀಟಿ ಕೇಳಿತು. ನನ್ನದರ ಸದ್ದು ಅಡಗಿಸಿದೆ. ಗೋಡೆಯಾಚೆ ಚೆಂಡು ಪುಟಿಯುತ್ತಲೇ ಇತ್ತು. ಕೊನೆಯ ಸೀಟಿಯ ಬಳಿಕ ಆ ಕಡೆಯೂ ಸುಮ್ಮನಾಯಿತು.

ಮಗಳ ಮೆಸೇಜು ಬಂತು: "ಟೂ ವ್ಯೂವರ್ಸ್! ಅಂಕಲ್‌ಗೆ ಥ್ಯಾಂಕ್ಸ್ ಹೇಳು."

ಹೇಳುತ್ತೇನೆ ಎಂದು ಬರೆದೆ. ಯಾರಿಗೆ ಹೇಳುವುದು? ಹಾಗೆ ಮೂರು ಬುಧವಾರ ನಡೆಯಿತು. ಆಫೀಸಿಗೆ ದೂರು ಕೊಡಲಿಲ್ಲ. ಹೆದರಿಕೆ ಇತ್ತು ನಿಜ, ಆದರೆ ಆ ಅಂಕಿ ಒಂದಕ್ಕೆ ಇಳಿಯುವುದು ನನಗೆ ಅದಕ್ಕಿಂತ ಬೇಡವಾಗಿತ್ತು. ಒಂದಾದರೆ ಮಗಳು ಕೇಳುತ್ತಾಳೆ.

ನಾಲ್ಕನೆಯ ವಾರ ಆಫೀಸಿನವರು ಬೀಗ ತೆಗೆದರು. ಮೇಜಿನ ಮೇಲೆ, ನೀರಿನ ಬಾಟಲಿಗೆ ಒರಗಿಸಿದ ಟ್ಯಾಬ್ಲೆಟ್ಟು ಚಾರ್ಜಿಗೆ ಹಾಕಿದ ಹಾಗೇ ಇತ್ತು. ಕಾಲೇಜಿನ ಪ್ರಸಾರ ಶುರುವಾದೊಡನೆ ತಾನೇ ಹತ್ತಿಕೊಳ್ಳುವಂತೆ ಸದಾನಂದಣ್ಣ ಯಾರಿಂದಲೋ ಹೊಂದಿಸಿಕೊಂಡಿದ್ದರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿ, ಅದರ ಬೆನ್ನಿಗೆ ಟವೆಲ್ಲು. ಇಷ್ಟೇನಾ ಎಂದು ನಕ್ಕೆ. ಆಫೀಸಿನವರು ವೈರು ಕಿತ್ತು, "ಖಲಾಸ್" ಎಂದು ಎಲ್ಲವನ್ನೂ ಡಬ್ಬಿಗೆ ತುಂಬಿದಾಗ ನಗು ಉಳಿಯಲಿಲ್ಲ.

ಆ ಬುಧವಾರ ಅಂಕಿ ಒಂದು. ನನ್ನ ಬಳಿಯಿದ್ದ ಎರಡನೆಯ ಫೋನು ಕೈಯಲ್ಲೇ ಇತ್ತು. ಹಚ್ಚಿದ್ದರೆ ಎರಡಾಗುತ್ತಿತ್ತು, ಆದರೆ ಸತ್ತವರ ಹೆಸರಿನಲ್ಲಿ ಮೋಸ ಮಾಡಲು ಮನಸ್ಸಾಗಲಿಲ್ಲ. ಆಟ ಮುಗಿದ ಮೇಲೆ ಮಗಳಿಗೆ ನಾನೇ ಕರೆ ಮಾಡಿ, ತಡವರಿಸುತ್ತ ವಿಷಯ ಹೇಳಿದೆ.

"ಐ ನೋ ಅಪ್ಪಾ" ಎಂದಳು. "ಅಮ್ಮ ಅವತ್ತೇ ಹೇಳ್ಯಾಳ. ನೀನ ಎರಡು ಫೋನ್ ಹಚ್ಚಿ ಕೂತಿ ಅಂದ್ಕೊಂಡಿದ್ದೆ. ನಿನಗ ಬ್ಯಾಸರ ಆಗಬಾರದು ಅಂತ ಥ್ಯಾಂಕ್ಸ್ ಅಂದೆ."

ಟ್ಯಾಬ್ಲೆಟ್ಟಿನ ಕಥೆ ಹೇಳಿದೆ. ಅವಳು ಅಳುತ್ತಿದ್ದಳು.

"ಅಂಕಲ್ ಕೂಗತಿದ್ರಲ್ಲ," ಎಂದಳು ಕೊನೆಗೆ. "ಇನ್ನ ಮ್ಯಾಲ ನೀನ ಕೂಗು."

ಮೊನ್ನೆ ಬುಧವಾರ, ಅವಳ ಚೆಂಡು ಬುಟ್ಟಿಗೆ ಬಿದ್ದಾಗ, ಐವತ್ತು ದಾಟಿದ ನಾನು ಖಾಲಿ ಮನೆಯಲ್ಲಿ ಎದ್ದುನಿಂತು ಗಂಟಲು ಹರಿಯುವಂತೆ ಕೂಗಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಏಳೆಂಟು ಸೆಕೆಂಡು ಕಾದೆ.