ಸಿಪ್ಪೆ ಸುಲಿಯದ ಕಾಯಿ

ಯಲ್ಲಪ್ಪ ಸರ್ ಮೈದಾನದಲ್ಲಿ ಚೆಂಡನ್ನು ನೋಡುತ್ತಿರಲಿಲ್ಲ. ಫುಟ್‌ಬಾಲ್ ಕೋಚ್ ಒಬ್ಬರ ಬಗ್ಗೆ ಹೀಗೆ ಬರೆದರೆ ನಂಬುವುದು ಕಷ್ಟ, ಆದರೆ ನಮ್ಮ ಅಕಾಡೆಮಿಯಲ್ಲಿ ಬೆಳೆದ ಯಾವ ಹುಡುಗನನ್ನು ಬೇಕಾದರೂ ಕೇಳಿ. ಚೆಂಡು ಎಡಕ್ಕಿದ್ದರೆ ಅವರ ಮುಖ ಬಲಕ್ಕೆ. ಗೋಲಾಯಿತೆಂದು ಎಲ್ಲರೂ ಕುಣಿಯುವಾಗ ಅವರು ಮೈದಾನದ ಇನ್ನೊಂದು ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಯಾವನನ್ನೋ ಹಿಡಿದು, "ಏನ್ಲೇ, ಮದುವಿ ಫೋಟೋಕ್ಕ ನಿಂತಿಯೇನು?" ಎಂದು ಬೈಯುತ್ತಿದ್ದರು. ಕೊರಳಲ್ಲಿ ಒಂದು ಸೀಟಿ ಇತ್ತು, ಅಲಂಕಾರಕ್ಕೆ. ಹುಡುಗರನ್ನು ಕರೆಯಬೇಕಾದರೆ ನಾಲಿಗೆ ಮಡಚಿ ಒಂದು ಸಿಳ್ಳೆ ಹೊಡೆಯುತ್ತಿದ್ದರು. ನಮ್ಮೂರಿನ ಸಡಾ ಗುಡ್ಡದ ಮೇಲೆ ನಿಂತು ಹೊಡೆದರೆ ಬಂದರಿನಲ್ಲಿರುವ ಹಡಗು ತಿರುಗಿ ನೋಡಬೇಕು, ಅಂಥದ್ದು.

ಚೆಂಡನ್ನೇಕೆ ನೋಡುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಚೆಂಡ ಎಲ್ಲಿಗಿ ಹೊಂಟೈತಿ ಅಂತ ಊರ ಮಂದಿ ಎಲ್ಲಾ ನೋಡ್ತಾರ್ರಿ ಅಕ್ಕಾರ. ಚೆಂಡ ಇಲ್ಲದಾಗ ಹುಡುಗ ಏನ್ ಮಾಡಾಕತ್ತಾನ ಅನ್ನೂದನ್ನ ಒಬ್ಬರರ ನೋಡಬೇಕಲ್ರಿ? ನನಗ ಪಗಾರ ಕೊಡೂದು ಅದಕ್ಕ."

ಅಕ್ಕಾರ ಎಂದರೆ ನಾನು. ಧಾರವಾಡದ ಕಡೆ ಸಾಲಿಯ ಟೀಚರಿಗೆ ಹಾಗೆನ್ನುತ್ತಾರೆ. ನಮ್ಮದು ಗೋವಾದ ವಾಸ್ಕೋದಲ್ಲಿ ಬಟ್ಟೆ ಅಂಗಡಿ. ಅಜ್ಜ ಧಾರವಾಡದಿಂದ ಬಂದು ಇಟ್ಟದ್ದು. ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ, ಸಂಜೆ ಹೊತ್ತು ಅಕಾಡೆಮಿಯ ಹಾಸ್ಟೆಲಿನ ಹುಡುಗರಿಗೆ ಪರೀಕ್ಷೆಯ ಪಾಠ ಹೇಳುವ ಕೆಲಸ ನನಗೆ ಸಿಕ್ಕಿತ್ತು. ಇತಿಹಾಸ ಓದಿದವರಿಗೆ ಒಬ್ಬನೇ ಸಾಕ್ಷಿಯನ್ನು ನಂಬುವುದು ಕಷ್ಟ. ಆ ಸಾಕ್ಷಿ ನಾನೇ ಆಗಿದ್ದರೆ ಇನ್ನೂ ಕಷ್ಟ. ನಾನು ದಿನಚರಿ ಬರೆಯುತ್ತೇನೆ ನಿಜ. ಆದರೆ ಮುಖ್ಯವಾದ ದಿನಗಳಂದು ಅದರಲ್ಲಿ ಬೇರೆ ಏನೋ ಇರುತ್ತದೆ. ಈಗ ಹೇಳಲಿರುವ ಕಥೆಯ ಅತಿ ದೊಡ್ಡ ದಿನದಂದು ನಾನು ಬರೆದಿರುವುದು: 'ಸೆಕೆ. ಹಾಸ್ಟೆಲಿನ ಸಾರಿಗೆ ಉಪ್ಪು ಜಾಸ್ತಿ.'

ಸರ್ ಅವರ ತಂದೆ ಬಾದಾಮಿ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡಿದವರು. ಸರ್ ಹುಟ್ಟಿದ್ದು ಸಡಾದಲ್ಲಿ, ಆಡಿದ್ದು ಅಲ್ಲಿಯ ಕೆಂಪು ಮಣ್ಣಿನಲ್ಲಿ, ಮೊಣಕಾಲು ಮುರಿದುಕೊಂಡದ್ದೂ ಅಲ್ಲೇ. ಕೊಂಕಣಿ ಅವರಿಗೆ ನಾಲಿಗೆಯ ತುದಿಯಲ್ಲಿತ್ತು. ಹುಡುಗರನ್ನು ಹೊಗಳಬೇಕಾದರೆ ಕೊಂಕಣಿ, ಆಟ ವಿವರಿಸಬೇಕಾದರೆ ಹಿಂದಿ, ಬೈಯಬೇಕಾದರೆ ಮಾತ್ರ ಕನ್ನಡ. ಹಾಗಾಗಿ ನಮ್ಮ ಕ್ಲಬ್ಬಿನಲ್ಲಿ ಬೆಳೆದ ಗೋವಾದ ಹುಡುಗರಿಗೆಲ್ಲ ಒಂದಿಷ್ಟು ಕನ್ನಡ ಬರುತ್ತದೆ. ಅದನ್ನು ಮನೆಯಲ್ಲಿ ಆಡುವಂತಿಲ್ಲ, ಅಷ್ಟೇ.

ಕ್ಲಬ್ಬಿನ ಸೀನಿಯರ್ ತಂಡ ದೊಡ್ಡದು. ಟಿವಿಯಲ್ಲಿ ಬರುವ ತಂಡ. ಅದಕ್ಕೆ ಹುಡುಗರನ್ನು ಬೆಳೆಸಿ ಕೊಡುವುದು ಅಕಾಡೆಮಿಯ ಕೆಲಸ. ಒಂದು ವರ್ಷ ಇಬ್ಬರು ಮೇಲೆ ಹೋದರೆ ಇನ್ನೊಂದು ವರ್ಷ ಯಾರೂ ಇಲ್ಲ. ಹಾಗೆ ಯಾರಾದರೂ ಹೋಗುವುದು ನಿಕ್ಕಿಯಾದ ದಿನ ಸರ್ ಒಂದು ಶಾಸ್ತ್ರ ಮಾಡುತ್ತಿದ್ದರು. ಹುಡುಗನ ಉಡಿ ತುಂಬುವುದು.

ಮಗಳು ಗಂಡನ ಮನೆಗೆ ಹೊರಟಾಗ ನಮ್ಮ ಕಡೆ ಅವಳ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ಅರಿಶಿನ ಕೊಂಬು, ರವಿಕೆಗೆಂದು ಕುಬಸದ ಕಣ ಹಾಕಿ ಕಳಿಸುತ್ತಾರಲ್ಲ, ಅದೇ. ಹುಡುಗ ಅಕಾಡೆಮಿಯ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ಸರ್ ಅದರಲ್ಲಿ ಒಂದೊಂದೇ ಹಾಕುವರು. ಕುಬಸದ ಬದಲಿಗೆ ಹೊಸ ಕಾಲುಚೀಲ. ಆಮೇಲೆ ಬುದ್ಧಿಮಾತು: "ತವರಮನಿ ಹೆಸರ ಉಳಸು. ಅತ್ತಿ ಬೈದ್ರ ಎದುರ ಮಾತಾಡಬ್ಯಾಡ. ಚಾಡಿ ಹೇಳಾಕ ಇಲ್ಲಿಗಿ ಓಡಿ ಬರಬ್ಯಾಡ."

ಅತ್ತಿ ಎಂದರೆ ಸೀನಿಯರ್ ತಂಡದ ಕೋಚ್, ಎತ್ತರದ ವಿದೇಶಿ ಮನುಷ್ಯ. ತಮ್ಮನ್ನು ಕಂಡಾಗಲೆಲ್ಲ ಹುಡುಗರು 'ಅತ್ತಿ ಬಂದ್ಳು' ಎಂದು ಪಿಸುಗುಟ್ಟುವುದನ್ನು ಕೇಳಿ ಅವರು ಒಮ್ಮೆ ಅರ್ಥ ಕೇಳಿದರಂತೆ. ಗೋಲ್‌ಕೀಪರ್ ಸಾವಿಯೊ ಎಂಬವನು, ಮೊದಲು ಉಡಿ ತುಂಬಿಸಿಕೊಂಡವನು, ಮುಖ ಗಂಭೀರ ಮಾಡಿ, "ಅವರ ಭಾಷೆಯಲ್ಲಿ ಬಾಸ್ ಅಂತ" ಎಂದನಂತೆ. ಅಂದಿನಿಂದ ಆ ಪುಣ್ಯಾತ್ಮರು ಫೋನಿನಲ್ಲಿ ತಾವೇ 'ಅತ್ತಿ ಸ್ಪೀಕಿಂಗ್' ಎನ್ನತೊಡಗಿದರು ಎಂದು ಸಾವಿಯೊ ಹೇಳುತ್ತಾನೆ. ಇದಕ್ಕೆ ಬೇರೆ ಸಾಕ್ಷಿಯಿಲ್ಲ.

ಈ ಶಾಸ್ತ್ರಕ್ಕೊಂದು ಕಟ್ಟಳೆ ಇತ್ತು. ಉಡಿಯ ಕಾಯಿಯನ್ನು ಕೂಡಲೇ ಒಡೆಯುವಂತಿಲ್ಲ. ಸೀನಿಯರ್ ತಂಡದ ಪರವಾಗಿ ಮೈದಾನಕ್ಕೆ ಇಳಿದ ಮೇಲೆ ಒಡೆಯಬೇಕು, ಸರ್ ಅವರ ಜೊತೆ ಹಂಚಿಕೊಂಡು ತಿನ್ನಬೇಕು. ಸಾವಿಯೊನ ಕಾಯಿ ತಿಂಗಳೊಳಗೆ ಒಡೆಯಿತು. ಅವನ ಅಮ್ಮ ಅದಕ್ಕೆ ಸೀಗಡಿ ಹಾಕಿ ಮಾಡಿದ ಸಾರನ್ನು ಡಬ್ಬಿ ತುಂಬ ತಂದಿದ್ದರು. ಸರ್ ಮಾಂಸ ಮೀನು ಮುಟ್ಟದವರು. "ಕಾಯಿ ನಮ್ಮದು, ರಸಾ ನಿಮ್ಮದು" ಎಂದು ಡಬ್ಬಿಗೆ ಕೈಮುಗಿದು ಹುಡುಗರ ಕಡೆ ತಳ್ಳಿದರು.

ಇಷ್ಟು ಹೇಳಿದರೆ ಇನ್ನು ಮುತ್ತಪ್ಪನ ಕಥೆ ಹೇಳಬಹುದು.

ಸಡಾ ಗುಡ್ಡದ ಮೈದಾನ ಇಳಿಜಾರು. ಜೋರಾಗಿ ಒದ್ದರೆ ಚೆಂಡು ಅಂಚು ದಾಟಿ ಬಂದರಿನ ಕಡೆ ಉರುಳುತ್ತದೆ, ಹುಡುಗರು ಕೂಗುತ್ತ ಅದರ ಹಿಂದೆ ಓಡುತ್ತಾರೆ. ಒಂದು ದಿನ ಸರ್ ಎಂದಿನಂತೆ ಚೆಂಡು ಇಲ್ಲದ ಕಡೆ ನೋಡುತ್ತಿದ್ದಾಗ, ಕೆಳಗಿನ ಗೇರುಮರದ ಬುಡದಲ್ಲಿ ಒಬ್ಬ ತೆಳ್ಳಗಿನ ಹುಡುಗ ಒಬ್ಬನೇ ನಿಂತಿದ್ದ. ಆಟಕ್ಕೆ ಸೇರಿಸಿಕೊಂಡಿಲ್ಲವೇನೋ ಅಂದುಕೊಂಡರಂತೆ. ಅಷ್ಟರಲ್ಲಿ ಯಾರೋ ಒದ್ದರು, ಚೆಂಡು ಉರುಳಿತು, ನೇರವಾಗಿ ಅವನ ಕಾಲಿಗೇ ಬಂತು. ಇನ್ನೊಮ್ಮೆಯೂ ಹಾಗೇ, ಆದರೆ ಈ ಬಾರಿ ಅವನು ಬೇರೆ ಜಾಗದಲ್ಲಿ ನಿಂತಿದ್ದ.

"ಎಲ್ಲಾರೂ ಚೆಂಡಿನ ಹಿಂದ ಓಡ್ತಾರ್ರಿ. ಇಂವ ಮೊದ್ಲ ಹೋಗಿ ಮುಂದ ನಿಂತಿದ್ದ" ಎನ್ನುತ್ತಿದ್ದರು ಸರ್. ಮರುದಿನವೇ ಹೋಗಿ ಅವನ ಅಪ್ಪನನ್ನು ಕೇಳಿ ಅಕಾಡೆಮಿಗೆ ಕರೆತಂದರು. ಮುತ್ತಪ್ಪ ಡಿಫೆಂಡರ್ ಆಗಿ ಬೆಳೆದ. ಗೋಲು ಹೊಡೆಯುವವನಲ್ಲ, ಓಟದಲ್ಲೂ ಮೊದಲಿಗನಲ್ಲ. ಕಣ್ಣಿಗೆ ಬೀಳುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ಎದುರಾಳಿಯ ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ಇವನು ಮೊದಲೇ ಇರುತ್ತಿದ್ದ. ಹಾಗಾಗಿ ಏನೋ ಅಪಾಯ ತಪ್ಪಿತೆಂದೇ ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಕೊನೆಗೂ ಅವನ ಹೆಸರು ಮೇಲೆ ಹೋದಾಗ ಉಡಿ ತುಂಬಿದರು. ಅಕ್ಕಿ ಬಿತ್ತು, ಬೆಲ್ಲ ಬಿತ್ತು, ಕಾಲುಚೀಲ ಬಿತ್ತು. ಆಮೇಲೆ ಸರ್ ಚೀಲದಿಂದ ತೆಗೆದದ್ದು ಸಿಪ್ಪೆ ಸುಲಿಯದ ಇಡೀ ತೆಂಗಿನಕಾಯಿ. ಅಂಗಿ ಜೋತುಬಿದ್ದು ಮುತ್ತಪ್ಪ ಮುಂದಕ್ಕೆ ಮುಗ್ಗರಿಸಿದ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. "ಸರ್, ಸುಲಿಸೋದು ಮರ್ತೀರಿ!" "ಮುತ್ತ್ಯಾಗ ಕಾಯಿ ಅಲ್ಲ, ಮರಾನ ಕೊಟ್ರು!" ಸರ್ ಕೂಡ ನಕ್ಕರು. ಅಥವಾ ನಕ್ಕರೆಂದು ನನಗೆ ಈಗ ಅನಿಸುತ್ತದೆ. ಸಾರಿನ ಉಪ್ಪಿನ ಬಗ್ಗೆ ನಾನು ಬರೆದದ್ದು ಅಂದೇ.

ಮುತ್ತಪ್ಪ ಮೇಲೆ ಹೋದ, ಬೆಂಚಿನ ಮೇಲೆ ಕೂತ. ಒಂದು ಮ್ಯಾಚ್, ಇನ್ನೊಂದು ಮ್ಯಾಚ್, ಗಣೇಶ ಚೌತಿ ಹೋಗಿ ದೀಪಾವಳಿ ಬಂತು, ಕ್ರಿಸ್‌ಮಸ್ ನಕ್ಷತ್ರಗಳು ಏರಿ ಇಳಿದವು. ಅವನು ಕೂತೇ ಇದ್ದ.

ಮಡಗಾಂವದ ಸ್ಟೇಡಿಯಮ್ಮಿಗೆ ನಾನೂ ಸರ್ ಜೊತೆ ಹೋಗುತ್ತಿದ್ದೆ. ಬೆಂಚು ಸರಿಯಾಗಿ ಕಾಣುವ ಜಾಗ ಹುಡುಕಿ ಕೂರುವರು. ಆಟ ಇತ್ತ ಕಡೆ ನಡೆದಿದ್ದರೆ ಅವರು ಅತ್ತ ನೋಡುತ್ತ ನನಗೆ ವರದಿ ಕೊಡುವರು. "ನೋಡ್ರಿ, ನೀರಿನ ಬಾಟ್ಲಿ ಅಂವನ ಎದ್ದ ಹೋಗಿ ಕೊಟ್ಟ. ನೋಡ್ರಿ, ಈಗ ಎದ್ದ ನಿಂತಾನ. ನಮ್ಮ ಎಡಗಡಿಯಾಂವ ಜಾಗಾ ಬಿಟ್ಟಾನ, ಅದು ಇಂವಗ ಕಾಣಿಸೇತಿ." ಮುಂದೆ ಕೂತ ಒಬ್ಬ ತಾಳಲಾರದೆ ತಿರುಗಿ, "ಅಂಕಲ್, ಮ್ಯಾಚ್ ಉಧರ್ ಹೈ" ಎಂದ. ಸರ್ ಕಣ್ಣು ಕದಲಿಸದೆ, "ಹಮಾರಾ ಮ್ಯಾಚ್ ಇಧರ್ ಹೈ" ಎಂದರು.

ಮುತ್ತಪ್ಪನ ಅಪ್ಪ ಬಸಪ್ಪ ಕುಂಡಯಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಮಗನಿಗೂ ಒಂದು ಜಾಗ ಹೇಳಿಟ್ಟಿದ್ದ. ಬೇಸಿಗೆ ಶುರುವಾದಾಗ ಒಂದು ರವಿವಾರ ಅವನು ಹೇಳಿ ಕಳಿಸಿದ. ಸರ್ ನನ್ನನ್ನೂ ಕರೆದುಕೊಂಡು ಸಡಾಕ್ಕೆ ಹೋದರು. ತಾಯಿ ಗಂಗವ್ವ ಚಹಾ ಕೊಟ್ಟಳು. ಒಲೆಯ ಮೇಲಿನ ಹಲಗೆಯಲ್ಲಿ ಆ ಕಾಯಿ ಹಾಗೇ ಕೂತಿತ್ತು, ಸಿಪ್ಪೆ ಹೊಗೆಗೆ ಕಪ್ಪಾಗಿ.

"ಸರ್, ತಪ್ಪ ತಿಳೀಬ್ಯಾಡ್ರಿ" ಎಂದ ಬಸಪ್ಪ. "ಬರೇ ಕುಂದರಾಕ ಬಸ್ಸ ಹತ್ತಿ ಮಡಗಾಂವಕ್ಕ ಯಾಕ ಹೋಗಬೇಕ್ರಿ? ನಮ್ಮ ಮನಿ ಮುಂದೂ ಕಟ್ಟಿ ಐತಿ."

"ಕಟ್ಟಿ ಮ್ಯಾಲಿಂದ ಎದ್ರ ಅಂವ ಕುಂಡಯಿಗಿ ಹೋಗ್ತಾನ. ಆ ಬೆಂಚಿನ ಮ್ಯಾಲಿಂದ ಎದ್ರ ಮೈದಾನಕ್ಕ ಹೋಗ್ತಾನ. ಎದ್ದ ಎಲ್ಲಿಗಿ ಹೋಗ್ತಾನ ಅನ್ನೂದ ನೋಡ್ರಿ, ಎಲ್ಲಿ ಕುಂತಾನ ಅಂತ ನೋಡಬ್ಯಾಡ್ರಿ."

"ಮಳಿ ಹಿಡಿಯೂತನಕ ನೋಡ್ತೀನ್ರಿ. ಆಮ್ಯಾಲ ನಮ್ಮ ಸಾಹೇಬ್ರು ಜಾಗಾ ಇಟಗೊಂಡ ಕುಂದ್ರೂದಿಲ್ಲ."

ಮಳೆಗೆ ಮೊದಲು ಆ ವರ್ಷದ ಆಟ ಮುಗಿಯುತ್ತದೆ. ಉಳಿದದ್ದು ಕೆಲವೇ ಮ್ಯಾಚ್. ಬಾಗಿಲಲ್ಲಿ ನಿಂತಿದ್ದ ಮುತ್ತಪ್ಪ, "ಯವ್ವಾ, ಆ ಕಾಯಿ ಒಡದ ಚಟ್ನಿರ ಮಾಡಬೇ. ನೋಡಿ ನೋಡಿ ಸಾಕಾಗೇತಿ" ಎಂದ.

ಸರ್ ಎದ್ದು ಹಲಗೆಯಿಂದ ಕಾಯಿ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. "ಇನ್ನೂ ನೀರಿನ ಸಪ್ಪಳ ಐತ್ಲೇ. ಈಗ ಒಡದ್ರ ಚಟ್ನಿಗೂ ಆಗೂದಿಲ್ಲ, ಉಂಡಿಗೂ ಆಗೂದಿಲ್ಲ" ಎಂದು ಮತ್ತೆ ಮೇಲೆ ಇಟ್ಟರು. ಗಂಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಅವನು ಮೈದಾನಕ್ಕೆ ಇಳಿದದ್ದು ಆ ವರ್ಷದ ಕೊನೆಯ ಮ್ಯಾಚಿನಲ್ಲಿ. ನಮ್ಮ ಎಡಗಡೆಯ ಡಿಫೆಂಡರ್ ಕಾಲು ಹಿಡಿದುಕೊಂಡು ಕೂತ. ಅತ್ತಿ ಬೆಂಚಿನ ಕಡೆ ತಿರುಗಿದರು, ಮುತ್ತಪ್ಪ ಆಗಲೇ ಎದ್ದು ಬೂಟಿನ ಲಾಡಿ ಬಿಗಿಯುತ್ತಿದ್ದ. ನಾವು ಒಂದು ಗೋಲು ಮುಂದಿದ್ದೆವು. ಎದುರಾಳಿಗಳು ಕೊನೆಗೆ ನಮ್ಮೆಲ್ಲರ ತಲೆಯ ಮೇಲಿಂದ ಒಂದು ಉದ್ದನೆ ಚೆಂಡು ಹಾರಿಸಿದರು. ಅವರ ಫಾರ್ವರ್ಡ್ ಗಾಳಿಯಂತೆ ಓಡಿದ, ಸ್ಟೇಡಿಯಮ್ಮೇ ಎದ್ದು ನಿಂತಿತು. ಚೆಂಡು ಬಿದ್ದ ಜಾಗದಲ್ಲಿ ಮುತ್ತಪ್ಪ ನಿಂತಿದ್ದ, ಗೇರುಮರದ ಬುಡದಲ್ಲಿ ನಿಂತ ಹಾಗೆ, ಏನೂ ಅವಸರವಿಲ್ಲದೆ. ಎದೆಯಿಂದಲೇ ಅದನ್ನು ಸಾವಿಯೊನ ಕೈಗೆ ತಳ್ಳಿದ. ಅಷ್ಟೇ. ಗೆದ್ದೆವು. ಮರುದಿನದ ಪೇಪರಿನಲ್ಲಿ ಅವನ ಹೆಸರೂ ಬರಲಿಲ್ಲ.

ಆ ಗಳಿಗೆಯಲ್ಲಿ ಮೊದಲ ಬಾರಿಗೆ ಯಲ್ಲಪ್ಪ ಸರ್ ಚೆಂಡನ್ನು ನೋಡಿದರು ಎಂದು ಬರೆಯಲು ನನ್ನ ಕೈ ತುರಿಸುತ್ತಿದೆ. ಬರೆಯಲಾರೆ. ನಾನೇ ಚೆಂಡನ್ನು ನೋಡುತ್ತಿದ್ದೆ. ನನಗೆ ಗೊತ್ತಿರುವುದು ಇಷ್ಟು: ಪಕ್ಕದಿಂದ ಆ ಸಿಳ್ಳೆ ಎದ್ದಿತು, ಮೈದಾನದಲ್ಲಿ ಒಬ್ಬನೇ ಒಬ್ಬ ತಿರುಗಿ ನೋಡಿದ.

ಮುಂದಿನ ರವಿವಾರ ಸಡಾದಲ್ಲಿ ಎಲ್ಲರೂ ಸೇರಿದೆವು. ಬಸಪ್ಪನೇ ಕೊಯ್ತಾ ಹಿಡಿದು ಸಿಪ್ಪೆ ಸುಲಿದ. ಕೆಟ್ಟಿದ್ದರೆ ಏನು ಗತಿ ಎಂದು ಗಂಗವ್ವ ದೇವರ ಕಡೆ ನೋಡುತ್ತಿದ್ದಳು. ಅಲುಗಿಸಿದರೆ ನೀರಿನ ಸದ್ದಿಲ್ಲ, ಗೊಟಗೊಟ ಎಂದಿತು. ಚಿಪ್ಪು ಒಡೆದಾಗ ಒಳಗಿಂದ ಬಂದದ್ದು ದುಂಡನೆಯ ಇಡೀ ಕೊಬ್ಬರಿ ಗಿಟಕ. ಗಂಗವ್ವ ಅದನ್ನು ತುರಿದು ಬೆಲ್ಲ ಹಾಕಿ ಉಂಡಿ ಕಟ್ಟಿದಳು. ಸಾವಿಯೊ ಅತ್ತಿಗೆಂದು ಕೆಲವು ಜೇಬಿಗೆ ಹಾಕಿಕೊಂಡು ದಾರಿಯಲ್ಲೇ ತಿಂದ. ಬಸಪ್ಪ ಎರಡು ಉಂಡಿ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ.

"ಅವು ಯಾರಿಗಿ?" ಎಂದರು ಸರ್.

"ಕುಂಡಯಿ ಸಾಹೇಬ್ರಿಗಿ. ಹುಡುಗ ಬರೂದಿಲ್ಲ ಅಂತ ಬರಿಗೈಲೆ ಹೋಗಿ ಹ್ಯಾಂಗ ಹೇಳ್ಲಿ?"

ಗುಡ್ಡ ಇಳಿಯುವಾಗ ನಾನು ಕೇಳಿದೆ. ಸುಲಿದ ಕಾಯಿಯಾಗಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ, ಕೊಳೆಯುತ್ತಿತ್ತು. ಇವನು ಬಹಳ ಕಾಲ ಕಾಯಬೇಕಾಗುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ ಸರ್?

ಅವರು ಬಂದರಿನ ಕಡೆ ನೋಡುತ್ತ, "ಅವತ್ತ ಸುಲಿದಿದ್ದು ಸಿಗಲಿಲ್ರಿ ಅಕ್ಕಾರ" ಎಂದರು.

ನಿಜವೋ ಸುಳ್ಳೋ ನನಗಿನ್ನೂ ತಿಳಿಯದು.

ಯಲ್ಲಪ್ಪ ಸರ್ ಈಗ ಇಲ್ಲಿಲ್ಲ. ಕ್ಲಬ್ಬಿನಿಂದ ನಿವೃತ್ತರಾದ ಮೇಲೆ ಬೆಳಗಾವಿಯಲ್ಲಿ ಹುಡುಗಿಯರ ತಂಡ ಕಟ್ಟುವುದಕ್ಕೆ ಯಾರೋ ಕರೆದರು, ಹೋದರು. "ಇಷ್ಟ ದಿವಸ ಗಂಡಹುಡುಗರ ಉಡಿ ತುಂಬಿ ಮಂದಿ ಕಡೆ ನಗಿಸಿಕೊಂಡ್ನಿ. ಇನ್ನ ಖರೇ ಹೆಣ್ಣಮಕ್ಕಳ ಉಡಿ ತುಂಬತೇನಿ" ಎಂದು ಹಿಗ್ಗಿದ್ದರು. ಮೈದಾನದ ಬದಿಯಲ್ಲಿ ಈಗ ಹೊಸ ಕೋಚ್ ನಿಂತು ಎಲ್ಲರಂತೆ ಚೆಂಡು ನೋಡುತ್ತಾರೆ. ಒಳ್ಳೆಯವರೇ.

ಅವರು ಹೊರಟ ದಿನ ವಾಸ್ಕೋ ಸ್ಟೇಷನ್ನಿನಲ್ಲಿ ಹುಡುಗರು ಸುತ್ತುವರಿದು ಅಂಗಿ ಹಿಡಿಯಲು ಹೇಳಿದರು. ಅವರು ನಾಚಿ ರೈಲಿನ ಮೆಟ್ಟಿಲ ಕಡೆ ಸರಿದರು. ಹೆಂಡತಿ ಬಿಡಲಿಲ್ಲ: "ಹಿಡೀರಿ ಸುಮ್ಮನ. ಮದಿವ್ಯಾಗ ನಾ ಸೆರಗ ಹಿಡಿದಿಲ್ಲೇನು?" ಹಿಡಿದರು. ಮುತ್ತಪ್ಪ ಅಕ್ಕಿ ಹಾಕಿದ, ಸಾವಿಯೊ ಕಾಲುಚೀಲ. ಕಾಯಿ ನನ್ನ ಪಾಲಿಗೆ ಬಂದಿತ್ತು. ಮುಂಜಾನೆ ಮಾರ್ಕೆಟ್ಟಿನಲ್ಲಿ ಸುಲಿದ ಕಾಯಿಗಳ ದೊಡ್ಡ ರಾಶಿಯೇ ಇತ್ತು. ಮಾರುವವಳು ಅದರಲ್ಲೊಂದನ್ನು ಎತ್ತಿದಾಗ ನಾನು ಬೇಡವೆಂದು ಹಿಂದಿನ ಮೂಟೆಯ ಕಡೆ ಕೈತೋರಿಸಿದ್ದೆ.

ಅಂಗಿ ಜೋತುಬಿತ್ತು. ಸರ್ ಬಗ್ಗಿ ನೋಡಿದರು, ಆಮೇಲೆ ತಲೆಯೆತ್ತಿ ನನ್ನನ್ನು.

"ಸಿಪ್ಪಿ ಸಮೇತ ತಂದೀರಲ್ರಿ ಅಕ್ಕಾರ! ಉಂಡಿ ತರೂತನಕ ಎಷ್ಟ ವರ್ಷ ನನ್ನ ದಾರಿ ನೋಡ್ತೀರಿ?"

"ಸುಲಿದಿದ್ದು ಸಿಗಲಿಲ್ಲ ಸರ್" ಎಂದೆ.