ನನಗೂ ಅಜ್ಜಿ, ಮಗಳಿಗೂ ಅಜ್ಜಿ

ನಿನ್ನೆ ನಮ್ಮ ಚಾಮರಾಜಪೇಟೆಯ ಮನೆಯ ಪಕ್ಕದಲ್ಲಿ ಯಾರೋ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದರು. ವಾಸನೆ ಬಂದದ್ದೇ ತಡ, ಎದ್ದು ಕಿಟಕಿ ಮುಚ್ಚಿದೆ. ಅಡುಗೆಗೆ ಬೆಳ್ಳುಳ್ಳಿ ಮುಟ್ಟದ ನಮ್ಮ ಮನೆಯೊಳಗೆ ಅದು ಬರುತ್ತಿದ್ದದ್ದು ನನ್ನ ಮಗಳ ಕಿವಿಗೆ ಮಾತ್ರ. ಆ ಎಣ್ಣೆ ಬಿಡುತ್ತಿದ್ದವರು ನನ್ನ ಅತ್ತೆ... ಅಂದರೆ ನನ್ನ ತಾಯಿಯ ತಾಯಿ. ಸೋದರಮಾವನಿಗೇ ನನ್ನನ್ನು ಕೊಟ್ಟಿದ್ದರಿಂದ ಅವರು ನನಗೂ ಅಜ್ಜಿ, ಮಗಳಿಗೂ ಅಜ್ಜಿ.

ಆ ಮದುವೆ ಅವರದೇ ಹಟ. ನನ್ನಮ್ಮ ಹಿಂದೆಮುಂದೆ ನೋಡಿದಾಗ, “ಗೋತ್ರ ಬೇರೆ, ಜಾತಕ ಕೂಡಿದೆ. ಇನ್ನೇನು ಬೇಕು ನಿಂಗೆ?” ಎಂದು ಬಾಯಿ ಮುಚ್ಚಿಸಿದರು. ಗೋತ್ರ ತಂದೆಯ ಕಡೆಯಿಂದ ಮಾತ್ರ ಬರುತ್ತದೆ, ರಕ್ತ ಎರಡೂ ಕಡೆಯಿಂದ ಬರುತ್ತದೆ. ಇಷ್ಟು ಸಣ್ಣ ವಿಷಯ ಆ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲ.

ಮಗು ಬೆನ್ನ ಹಿಂದೆ ಪಾತ್ರೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದು ಅಂಗಲಾಚಿದೆ.

“ನಮ್ಮನೆ ಮಕ್ಕಳು ಮಾತಾಡೋದೇ ತಡ. ಬಸುರೀಲಿ ಗ್ರಹಣ ನೋಡಿದೋಳು ನೀನು, ಈಗ ನನ್ನ ಮಗನ್ನ ಆಸ್ಪತ್ರೆ ಅಲೆಸ್ಬೇಡ,” ಎಂದರು ಅಜ್ಜಿ. ನಾನು ಗ್ರಹಣ ನೋಡಿರಲೇ ಇಲ್ಲ. ನನ್ನ ಗಂಡನಂತೂ ತಾಯಿಯ ಎದುರು ತುಟಿ ಬಿಚ್ಚುವವರಲ್ಲ. ಎಣ್ಣೆಯಲ್ಲೇ ವರ್ಷಗಳು ಹೋದವು. ಇದೇ ಅಜ್ಜಿ, ತಮ್ಮ ಕಿವಿ ಮಂದವಾದಾಗ ಬೆಳ್ಳುಳ್ಳಿಯ ಸುದ್ದಿ ಎತ್ತದೆ ಆಟೋ ಹತ್ತಿ ಹೋಗಿ ಮೆಷಿನ್ ಹಾಕಿಸಿಕೊಂಡು ಬಂದರು! ಅವರ ಕಿವಿಗೊಂದು ನ್ಯಾಯ, ನನ್ನ ಮಗಳ ಕಿವಿಗೊಂದು ನ್ಯಾಯ.

ಅವರು ತೀರಿಕೊಂಡ ಮೇಲೆಯೇ ನಾವು ಡಾಕ್ಟರ ಮುಂದೆ ಕೂತದ್ದು. ವಂಶದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರು ಕೇಳಿದರು. ಜೊತೆಗೆ ಬಂದಿದ್ದ ನನ್ನಮ್ಮ ಸೆರಗು ಹಿಂಡುತ್ತಾ, “ನಮ್ಮಮ್ಮಂಗೆ ಒಬ್ರು ಅಣ್ಣ ಇದ್ರು... ಹುಟ್ಟು ಕಿವುಡ್ರು. ಹೆಣ್ಮಕ್ಕಳ ಮದುವೆಗೆ ತೊಂದ್ರೆ ಆಗತ್ತೆ, ಎಲ್ಲೂ ಬಾಯಿ ಬಿಡ್ಬೇಡ ಅಂದಿದ್ರು,” ಎಂದಳು.

ಅಜ್ಜಿಗೆ ಎಲ್ಲ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ಪರೀಕ್ಷೆಗಳಾದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳಿವೆಯಂತೆ. ಅವು ಶಬ್ದಕ್ಕೆ ಬಾಗಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಅವುಗಳನ್ನು ಕೆಡಿಸುವ ಜೀನು ಅಜ್ಜಿಯಿಂದ ನನ್ನ ಗಂಡನಿಗೂ ಬಂದಿತ್ತು, ನನ್ನಮ್ಮನ ಮೂಲಕ ನನಗೂ ಬಂದಿತ್ತು. ಒಂದು ಕಡೆಯಿಂದ ಮಾತ್ರ ಬಂದರೆ ಕಿವಿ ಕೇಳುತ್ತದೆ. ನನ್ನ ಮಗಳಿಗೆ ಎರಡೂ ಕಡೆಯಿಂದ ಬಂತು. “ಎಳೇ ಮಗುವಾಗಿದ್ದಾಗ್ಲೇ ಕರ್ಕೊಂಡ್ಬಂದಿದ್ರೆ ಮಾತು ಚೆನ್ನಾಗಿ ಬರ್ತಿತ್ತಮ್ಮ,” ಎಂದರು.

ಆಪರೇಷನ್ ಮಾಡಿ ಒಳಕಿವಿಗೆ ಇಂಪ್ಲಾಂಟ್ ಹಾಕಿದರು, ಮಗಳಿಗೆ ಶಬ್ದ ಕೇಳತೊಡಗಿತು. ಈಗ ಕಾಲೇಜಿಗೆ ಹೋಗುತ್ತಾಳೆ. ಅವಳ ಮಾತು ನನ್ನ ಹೊರತು ಇನ್ನೊಬ್ಬರಿಗೆ ಪೂರ್ತಿ ತಿಳಿಯುವುದಿಲ್ಲ. ಅಜ್ಜಿಯ ತಿಥಿಗೆ ಬಂದವರು ಅವರಂಥ ಹೆಂಗಸಿಲ್ಲವೆಂದು ಹೊಗಳುತ್ತಾರೆ. ನಾನು ಬಡಿಸುತ್ತಾ ಮುಂದಿನ ಎಲೆಗೆ ಹೋಗುತ್ತೇನೆ. ಆ ಮುದುಕಿಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಈ ಸಲದ ತಿಥಿಯ ದಿನ ಮಗಳು ಅಡುಗೆಮನೆಗೆ ಬಂದು ಕೇಳಿದಳು, “ಅಮ್ಮಾ, ಅಜ್ಜಿ ಹಾಡ್ತಿದ್ರಂತೆ... ಅವ್ರ ವಾಯ್ಸ್ ಹೇಗಿತ್ತು?”

“ತುಂಬಾ ಇಂಪಾಗಿತ್ತು ಕಣೇ,” ಎಂದೆ. ಇಂಪಿರಲಿಲ್ಲವೆಂದು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ದಿನಾ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದರು ಅಜ್ಜಿ. ಅವಳು ಆ ಬಾಯಿಯನ್ನೇ ನೋಡುತ್ತಾ ಮಲಗಿರುತ್ತಿದ್ದಳು.